ನೋಡಬೇಕಾದದ್ದು, ನೋಡಿದ್ದು, ಕೇಳಿದ್ದು

ಸುಳ್ಳು ಹೇಳುವುದರಲ್ಲಿ ನಾನು ಚಿಕ್ಕಂದಿನಿಂದಲೂ ಜಾಣೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಓದುತ್ತಾ ಓದುತ್ತಾ ಯಾರೂ ನನ್ನ ಮೇಲೆ ಕನಿಕರಪಡುವುದು ಬೇಡ.

ಮಂಡಿ ಮೊಹಲ್ಲಾದಲ್ಲಿ ಅಪ್ಪನ ಬೆಲ್ಲದ ಮಂಡಿ, ಅದರ ಹಿಂದೆಯೇ ನಮ್ಮ ಮನೆ. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿದ್ದಿರಬೇಕು, ಅಣ್ಣನಿಗೆ ಮದುವೆಯಾಯಿತು. ಅವನಿಗೆ ಇದ್ದದ್ದು ಎರಡೇ ಹುಚ್ಚು, ಒಂದು ಸಿನಿಮಾ, ಇನ್ನೊಂದು ಅತ್ತಿಗೆ. ಅವ್ವನಿಗೆ ಎರಡೂ ಅಷ್ಟಕ್ಕಷ್ಟೆ.

ಮದುವೆಯಾದ ತಿಂಗಳೊಳಗೆ ಗಂಡ ಹೆಂಡತಿ ಸೇರಿ ಒಂದು ನೋಟ್‌ಬುಕ್ ಶುರು ಮಾಡಿದರು. ಎಡಗಡೆಯ ಪುಟದಲ್ಲಿ ‘ನೋಡಬೇಕಾದದ್ದು’, ಅದು ಅಣ್ಣನ ಕೈಬರಹ. ಬಲಗಡೆ ‘ನೋಡಿದ್ದು’, ಅದು ಅತ್ತಿಗೆಯದು. ಆಗ ಹೊಸ ಚಿತ್ರವೊಂದು ಬೆಂಗಳೂರಿನಲ್ಲಿ ಓಡಿ ಸವೆದ ಮೇಲೆ ನಮ್ಮೂರಿಗೆ ಬರುತ್ತಿತ್ತು. ಅಣ್ಣ ಮಂಡಿಯಲ್ಲಿ ಕೂತು ಪೇಪರಿನ ಜಾಹೀರಾತು ನೋಡಿ ಹೆಸರು ಬರೆದುಕೊಳ್ಳುವನು. ಆಮೇಲೆ ತಿಂಗಳುಗಟ್ಟಲೆ ಇಬ್ಬರೂ ಕಾಯುವರು. ನೋಡಿ ಬಂದ ದಿನ ಅತ್ತಿಗೆ ಅಣ್ಣನ ಬರಹದ ಮೇಲೆ ಒಂದು ಗೆರೆ ಎಳೆದು, ಎದುರು ಪುಟದಲ್ಲಿ ಅದೇ ಹೆಸರನ್ನು ದುಂಡಗೆ ಬರೆದು, ಪಕ್ಕದಲ್ಲಿ ಒಂದು ಮಾತು ಸೇರಿಸುವರು. ‘ಅಳು ಜಾಸ್ತಿ.’ ‘ನಾಯಕಿಗೆ ಸೀರೆ ಉಡಲು ಬರುವುದಿಲ್ಲ.’ ‘ಇವರು ನಿದ್ದೆ ಮಾಡಿದರು.’ ಅಣ್ಣ ನಿದ್ದೆ ಮಾಡಿದ್ದು ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ ಕಾಣೆ. ಥಿಯೇಟರಿನಲ್ಲಿ ಹೆಂಗಸರ ಬೆಂಚೇ ಬೇರೆ, ಗಂಡಸರ ಕಡೆಯೇ ಬೇರೆ. ಅತ್ತಿಗೆಯ ಪಕ್ಕ ಕೂರುತ್ತಿದ್ದವಳು ನಾನು.

ಅಣ್ಣನಿಗೆ ಟೈಫಾಯಿಡ್ ಬಂತು. ನಾಳೆ ಆಸ್ಪತ್ರೆಗೆ ಸೇರಿಸಬೇಕು ಎನ್ನುವ ದಿನ ಅವನು ಹಾಸಿಗೆಯಲ್ಲೇ ನೋಟ್‌ಬುಕ್ ತರಿಸಿಕೊಂಡು ಒಂದು ಹೆಸರು ಬರೆದ. ಆ ಚಿತ್ರ ಇನ್ನೂ ತಯಾರಾಗುತ್ತಿತ್ತು, ಪೇಪರಿನಲ್ಲಿ ಬರೀ ಹೆಸರು ಬಂದಿತ್ತು. ಜ್ವರದ ಕೈ, ಅಕ್ಷರ ಸೊಟ್ಟಸೊಟ್ಟ. “ಇದು ಬಂದ ಮೊದಲ್ನೇ ದಿನವೇ ಹೋಗ್ಬುಡೋಣ” ಎಂದು ಅತ್ತಿಗೆಗೆ ಹೇಳಿದ್ದನ್ನು ನಾನೇ ಕೇಳಿದೆ. ಹದಿನೆಂಟನೆಯ ದಿನ ಅವನನ್ನು ಮನೆಗೆ ತಂದರು, ಹೆಣವಾಗಿ.

ಅತ್ತಿಗೆಗೆ ಆಗ ಇಪ್ಪತ್ತೆರಡು. ಬಳೆ ಹೋಯಿತು, ಹೂ ಹೋಯಿತು, ಹಣೆಯ ಮೇಲೆ ಇಬ್ಬತ್ತಿ ಒಂದೇ ಉಳಿಯಿತು. ಇನ್ನು ಸಿನಿಮಾಕ್ಕೆ ಹೋಗಬೇಡ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಎಡಗಡೆಯ ಪುಟದಲ್ಲಿ ಗೆರೆ ಎಳೆಯದ ಹೆಸರು ಒಂಬತ್ತು ಉಳಿದಿದ್ದವು. ವರ್ಷದ ತಿಥಿ ಮುಗಿದ ಮೇಲೆ ಅದರಲ್ಲೊಂದು ಊರಿಗೆ ಬಂತು. ಅತ್ತಿಗೆ ಅಡುಗೆಮನೆಯಲ್ಲಿ ನನ್ನ ಕೈಹಿಡಿದು, “ನೀನು ಹೋಗಿ ನೋಡ್ಕೊಂಡು ಬಾ ಕಣೆ, ಬಂದು ನಂಗೆ ಕತೆ ಹೇಳು” ಎಂದರು. ನಾನು ಓರಗೆಯ ಹುಡುಗಿಯರ ಜೊತೆ ಹೋಗಿ ಬಂದೆ. ಮಾರನೆಯ ದಿನ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕತೆ ಹೇಳಿದೆ. “ಅವಳ ಸೀರೆ ಯಾವ ಬಣ್ಣ?” ಎಂದು ಕೇಳಿದರು. ಕಪ್ಪು ಬಿಳುಪಿನ ಚಿತ್ರದಲ್ಲಿ ಬಣ್ಣ ನಾನೆಲ್ಲಿಂದ ತರಲಿ? “ಮಾವಿನ ಚಿಗುರಿನ ಬಣ್ಣ, ಅತ್ತಿಗೆ” ಎಂದುಬಿಟ್ಟೆ. ಅವರ ಮುಖದಲ್ಲಿ ಸ್ವಲ್ಪ ಕಳೆ ಬಂತು. ಅವತ್ತಿನಿಂದ ನನ್ನ ಕತೆಗಳಿಗೆ ರೆಕ್ಕೆಪುಕ್ಕ ಸೇರತೊಡಗಿದವು.

ಅದಕ್ಕೆಂದೇ ಅತ್ತಿಗೆ ನೋಟ್‌ಬುಕ್ಕಿನ ಕೊನೆಯಲ್ಲಿ ಹೊಸದೊಂದು ಪುಟ ಮಾಡಿ ‘ಕೇಳಿದ್ದು’ ಎಂದು ಬರೆದರು. ನಾನು ಹೇಳಿದ ಚಿತ್ರದ ಹೆಸರು ಅಲ್ಲಿಗೆ ಹೋಗುತ್ತಿತ್ತು. ಅಣ್ಣನ ಬರಹದ ಮೇಲೆ ಮಾತ್ರ ಗೆರೆ ಎಳೆಯುತ್ತಿರಲಿಲ್ಲ. ತಾನು ನೋಡಿಲ್ಲವಲ್ಲ, ಅದಕ್ಕೆ. ಹೀಗೆ ಎಂಟು ಹೆಸರು ಮುಗಿಯುವಷ್ಟರಲ್ಲಿ ಅಣ್ಣ ಹೋಗಿ ಮೂರು ವರ್ಷವಾಗಿತ್ತು.

ಚಿತ್ರ ಬದಲಾಗುವ ಶುಕ್ರವಾರ ಬೀದಿಗೆ ಜಟಕಾ ಬರುತ್ತಿತ್ತು. ಎರಡೂ ಕಡೆ ಬೋರ್ಡು, ಒಳಗೆ ತಮಟೆ, ಕೈತುಂಬ ಹ್ಯಾಂಡ್‌ಬಿಲ್ ಎರಚುತ್ತಾ ಹೋಗುವರು. ಒಂದು ಶುಕ್ರವಾರ ಅದು ಒಂಬತ್ತನೆಯ ಹೆಸರನ್ನು ಕೂಗಿಕೊಂಡು ಬಂತು. ಅತ್ತಿಗೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು.

“ಇದೊಂದನ್ನ ನಾನೇ ನೋಡ್ಬೇಕು ಕಣೆ” ಎಂದರು. “ಒಂದೇ ಒಂದು. ಆಮೇಲೆ ಜನ್ಮದಲ್ಲಿ ಕೇಳಲ್ಲ.”

ನಾನು ಒಪ್ಪಿಕೊಂಡೆ, ಉತ್ಸಾಹದಿಂದಲೇ ಒಪ್ಪಿಕೊಂಡೆ. ಬುಧವಾರದ ಮ್ಯಾಟಿನಿ. ಕೃಷ್ಣಮೂರ್ತಿಪುರದಲ್ಲಿ ನನ್ನ ಗೆಳತಿಯ ಮನೆಗೆ ಕಸೂತಿ ಕಲಿಯಲು ಹೋಗುತ್ತೇವೆಂದು ಅವ್ವನಿಗೆ ಹೇಳುವುದು. ಅತ್ತಿಗೆ ಟ್ರಂಕಿನಿಂದ ಒಂದು ಬಿಳಿ ಸೀರೆ ತೆಗೆದು ಮಡಿಕೆ ಬಿಡಿಸಿ ನೋಡಿ, ಮತ್ತೆ ಮಡಿಸಿ ದಿಂಬಿನ ಕೆಳಗಿಟ್ಟುಕೊಂಡರು.

ನಡುವೆ ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಗಂಡಿನ ತಾಯಿ ಅವ್ವನನ್ನು ಕೇಳಿದರು, “ನಿಮ್ಮ ಸೊಸೆ ಮನೇಲೇ ಇರ್ತಾರೇನು?”

“ಹೊಸ್ತಿಲು ದಾಟಲ್ಲ ಕಣ್ರೀ” ಎಂದರು ಅವ್ವ, ಹೆಮ್ಮೆಯಿಂದ.

ನನಗೆ ಬುಧವಾರದ ಮ್ಯಾಟಿನಿ ನೆನಪಾಯಿತು. ಥಿಯೇಟರಿನಲ್ಲಿ ಗಂಡಸರ ಕಡೆ ಯಾರು ಕೂತರೂ ಯಾರೂ ತಿರುಗಿ ನೋಡುವುದಿಲ್ಲ. ಹೆಂಗಸರ ಬೆಂಚು ಹಾಗಲ್ಲ. ದೀಪ ಆರುವವರೆಗೆ ಯಾರ ಮನೆಯವರು ಬಂದಿದ್ದಾರೆ, ಯಾವ ಸೀರೆ, ಯಾರ ಹಣೆ ಬೋಳು ಎನ್ನುವುದೇ ಅಲ್ಲಿ ಕೆಲಸ. ಸಂಬಂಧ ತಪ್ಪಿಹೋದರೆ ಎಂದು ಎರಡು ದಿನ ಒದ್ದಾಡಿದೆ. ಮಂಗಳವಾರ ಸಂಜೆ ಹೊರಗಿನಿಂದ ಬಂದವಳೇ ಹೇಳಿದೆ, “ಅತ್ತಿಗೆ, ಚಿತ್ರ ಎತ್ತಿಬುಟ್ರಂತೆ. ಜನವೇ ಬರ್ಲಿಲ್ವಂತೆ. ಇವತ್ತಿಂದ ಬೇರೆ ಯಾವುದೋ ಹಾಕವ್ರೆ.”

ಹಾಗೆ ವಾರದ ನಡುವೆ ಎತ್ತುವುದು ಇದ್ದದ್ದೇ. ಅವರು “ಹೌದಾ” ಎಂದರು. ಸೀರೆಯನ್ನು ದಿಂಬಿನ ಕೆಳಗಿನಿಂದ ತೆಗೆದು ಟ್ರಂಕಿಗೆ ಹಾಕಿದರು.

ಶುಕ್ರವಾರ ನಾನು ಜಗುಲಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ. ಜಟಕಾ ಬಂತು. “ಎರಡನೇ ವಾರ! ಭಾರೀ ಜನಸಂದಣಿ!” ಹ್ಯಾಂಡ್‌ಬಿಲ್ ಒಂದು ಹೊಸ್ತಿಲ ಮೇಲೆಯೇ ಬಿತ್ತು. ಅತ್ತಿಗೆ ಬಂದು ಅದನ್ನೆತ್ತಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿ, ನನ್ನ ಕಡೆ ನೋಡದೆ ಒಳಗೆ ಹೋದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಎರಡನೆಯ ವಾರಕ್ಕೂ ಏಳು ದಿನವಿತ್ತು, ಏಳು ಮ್ಯಾಟಿನಿ ಇತ್ತು. ಯಾವ ದಿನ ಬೇಕಾದರೂ “ನಡೀರಿ ಅತ್ತಿಗೆ” ಎನ್ನಬಹುದಿತ್ತು. ನಾನು ಅನ್ನಲಿಲ್ಲ. ಅದೇ ವಾರ ನನ್ನ ಮದುವೆ ನಿಶ್ಚಯವಾಯಿತು.

ಗಂಡನ ಮನೆ ಸೇರಿದ ಮೊದಲ ತಿಂಗಳೇ ಗೊತ್ತಾಯಿತು, ನಮ್ಮತ್ತೆಯ ಅಕ್ಕ, ಗಂಡ ಹೋಗಿ ಇಪ್ಪತ್ತು ವರ್ಷವಾದವರು, ತಪ್ಪದೆ ಎಲ್ಲ ಚಿತ್ರಕ್ಕೂ ಹೋಗುತ್ತಿದ್ದರು. ಆ ಮನೆಯಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಅವತ್ತು ನನಗೆ ನನ್ನ ಮೇಲೆ ಬಂದ ಹೇಸಿಗೆ ಇವತ್ತಿಗೂ ಹೋಗಿಲ್ಲ.

ಹತ್ತು ವರ್ಷವಾಯಿತು. ಗಂಡನ ಕೆಲಸ ಮೇಟಗಳ್ಳಿಯ ಕಡೆ, ಮನೆಯೂ ಅಲ್ಲೇ. ಅಪ್ಪನ ಹಿಂದೆಯೇ ಅವ್ವನೂ ತೀರಿಕೊಂಡು ಕರ್ಮವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆಯ ಮುಂದೆ ಕೂತು, “ಬನ್ನಿ ಅತ್ತಿಗೆ, ಸಿನಿಮಾಕ್ಕೆ ಹೋಗೋಣ. ಇನ್ನು ಯಾರೂ ಏನೂ ಅನ್ನೋರಿಲ್ಲ” ಎಂದೆ.

ಅವರು ಎದ್ದು ಹೋಗಿ ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. ಎಡಗಡೆಯ ಪುಟದಲ್ಲಿ ಒಂಬತ್ತನೆಯ ಹೆಸರು, ಅಣ್ಣನ ಜ್ವರದ ಅಕ್ಷರ, ಹಾಗೆಯೇ ಇತ್ತು. ಕೊನೆಯ ಪುಟ ತೆಗೆದೆ. ‘ಕೇಳಿದ್ದು’ ಎಂಬುದರ ಕೆಳಗೆ ನಾನು ಹೇಳಿದ ಎಂಟು ಚಿತ್ರ, ಒಂದರ ಪಕ್ಕದಲ್ಲಿ ‘ಮಾವಿನ ಚಿಗುರಿನ ಸೀರೆ’. ಎಲ್ಲದರ ಕೆಳಗೆ ಒಂಬತ್ತನೆಯದೂ ಇತ್ತು. ಅದರ ಪಕ್ಕದಲ್ಲಿ ‘ಎತ್ತಿಬಿಟ್ಟರಂತೆ’ ಎಂದಿತ್ತು. ಪುಟಕ್ಕೆ ಗುಂಡುಪಿನ್ನಿನಿಂದ ಎರಡನೇ ವಾರದ ಹ್ಯಾಂಡ್‌ಬಿಲ್ ಚುಚ್ಚಿಟ್ಟಿದ್ದರು. ಪಿನ್ನು ತುಕ್ಕು ಹಿಡಿದಿತ್ತು.



“ಅದನ್ನ ನೀನು ನೋಡ್ದೇನು?” ಎಂದು ಕೇಳಿದರು ಅತ್ತಿಗೆ. ದನಿಯಲ್ಲಿ ಕೋಪವಿರಲಿಲ್ಲ. “ನೋಡಿದ್ರೆ ಹೇಳು ಕಣೆ. ಏನು ಕತೆ?”

ಒಂದು ಕತೆ ಕಟ್ಟಿ ಹೇಳುವುದು ನನಗೆ ಕಷ್ಟವಿರಲಿಲ್ಲ. ಸೀರೆಗೆ ಬಣ್ಣ ಕೊಟ್ಟವಳು, ಸಾಯುವವರನ್ನು ಬದುಕಿಸಿದವಳು. ಅವರೂ ಅದಕ್ಕೇ ಕಾದಿದ್ದರೋ ಏನೋ. ಬಾಯಿ ತೆಗೆದೆ, ಆಗಲಿಲ್ಲ.

“ಇಲ್ಲ ಅತ್ತಿಗೆ. ನಾನೂ ನೋಡ್ಲಿಲ್ಲ. ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ, ಕರ್ಕೊಂಡು ಹೋಗೋಕೆ ಧೈರ್ಯ ಬರ್ಲಿಲ್ಲ” ಎಂದೆ.

ಅತ್ತಿಗೆ ಗೂಡಿನಿಂದ ಪೆನ್ಸಿಲ್ ತಂದು, ಎಡಗಡೆಯ ಪುಟ ತೆಗೆದು, “ಇನ್ನು ಕಾಯೋದು ಬೇಡ ಕಣೆ” ಎಂದು, ಅಣ್ಣನ ಆ ಕೊನೆಯ ಬರಹದ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದರು.