ನೆಲ ಸುಮ್ಮನಾದ ಹನ್ನೊಂದು ನಿಮಿಷ

ಅಳೆಯಲು ಬಾರದ್ದನ್ನು ನಂಬಬಾರದು ಎಂಬುದು ನನ್ನ ಹಠವಾಗಿತ್ತು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ‘ಆಗ ಗಡಿಯಾರ ನೋಡಿದ್ದಿರಾ?’ ಎಂದು ಕೇಳುತ್ತಿದ್ದೆ. ಅಲ್ಲಿಗೆ ಅವರ ಕಥೆ ಮುಗಿಯುತ್ತಿತ್ತು. ನನ್ನ ಪಾಲಿಗೆ ಬಂದ ಅನುಭವದಲ್ಲಿ ಗಡಿಯಾರವೂ ಇತ್ತು, ಅಳತೆಯೂ ಇತ್ತು. ಅದೇ ನನ್ನ ತೊಂದರೆ. ನೀವು ನಂಬಲೇಬೇಕೆಂದಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡ ಮೀನುಗಾರ ಕುಟುಂಬಗಳಿಗೆ ಅಂಕೋಲೆ ಕಡೆಯ ಒಂದು ಊರಿನಲ್ಲಿ ಹೊಸ ಮನೆ ಕಟ್ಟುವುದಿತ್ತು. ಊರಿನ ಹೆಸರು ಬೇಡ, ಜನ ಈಗಲೂ ಅಲ್ಲಿದ್ದಾರೆ. ಕಟ್ಟುವ ಮೊದಲು ನೆಲ ಎಂಥದ್ದೆಂದು ನೋಡಿ ವರದಿ ಕೊಡುವ ಕೆಲಸ ನನ್ನದು.

ನೆಲ ಅಗೆಯದೆಯೇ ಇದನ್ನು ತಿಳಿಯುವ ದಾರಿಯಿದೆ. ಭೂಮಿ ಎಂದೂ ಪೂರ್ತಿ ಸುಮ್ಮನಿರುವುದಿಲ್ಲ. ದಡಕ್ಕೆ ಬಡಿಯುವ ಅಲೆ, ಹೆದ್ದಾರಿಯ ಲಾರಿ, ಗಾಳಿಗೆ ತೂಗುವ ಮರ, ಎಲ್ಲವೂ ಅದನ್ನು ನಮಗೆ ಗೊತ್ತಾಗದಷ್ಟು ಸಣ್ಣಗೆ ನಡುಗಿಸುತ್ತಲೇ ಇರುತ್ತವೆ. ತೆಂಗಿನಕಾಯಿಯನ್ನು ತಟ್ಟಿ ಒಳಗೆ ಎಳನೀರೋ ಬಲಿತ ಕಾಯಿಯೋ ಎಂದು ಹೇಳುವ ಹಾಗೆ, ಆ ನಡುಕವನ್ನು ಅಳೆದು ಮರಳು ಎಷ್ಟು ಆಳ, ಬಂಡೆ ಎಲ್ಲಿ ಎಂದು ಅಂದಾಜು ಮಾಡುತ್ತೇವೆ. ಅಳೆಯುವ ಪೆಟ್ಟಿಗೆಯನ್ನು ನೆಲದಲ್ಲಿ ಕೂರಿಸಿ ಮುಕ್ಕಾಲು ಗಂಟೆ ಸುಮ್ಮನೆ ಕಾಯಬೇಕು. ನಡುವೆ ಯಾರಾದರೂ ಓಡಾಡಿದರೆ, ಮಾತಾಡಿದರೆ ಆ ಹೊತ್ತನ್ನು ಪುಸ್ತಕದಲ್ಲಿ ಬರೆದಿಟ್ಟು, ಆಮೇಲೆ ಆ ಭಾಗವನ್ನು ಲೆಕ್ಕದಿಂದ ಬಿಡುವುದು ರೂಢಿ.

ಏಳನೆಯ ನಿವೇಶನ ಗೋವಿಂದಜ್ಜ ಎಂಬ ಹಳೆಯ ಮೀನುಗಾರನಿಗೆ ಬಂದಿತ್ತು. ಅದಕ್ಕಾಗಿ ಎರಡು ವರ್ಷ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದವನು. ಅಂದು ಮಧ್ಯಾಹ್ನ ಹೆಗಲ ಮೇಲೆ ದೋಣಿಯ ಒಂದು ಹಳೇ ಹುಟ್ಟು ಹೊತ್ತು ಬಂದ. ಪ್ರಾಯದಲ್ಲಿ ಹುಟ್ಟನ್ನು ನೀರಿಗಿಳಿಸಿ, ಅದರ ಹಿಡಿಗೆ ಕಿವಿಗೊಟ್ಟು, ಬಂಗಡೆ ಮೀನಿನ ಹಿಂಡು ಎಲ್ಲಿದೆಯೆಂದು ಹೇಳುತ್ತಿದ್ದನಂತೆ.

“ನೀವು ಪೆಟ್ಗೇಲಿ ಕೇಳಿ ಸಾಹೇಬ್ರೆ, ನಾ ಇದ್ರಲ್ಲಿ ಕೇಳ್ತೆ” ಎಂದು ಹುಟ್ಟನ್ನು ಮರಳಲ್ಲಿ ನೆಟ್ಟು ಕಿವಿಯಿಟ್ಟು ಕೂತ. ಅಲ್ಲಾಡಬೇಡಿ ಎಂದೆ, ಅಲ್ಲಾಡಲಿಲ್ಲ. ನನಗೆ ಒಳಗೊಳಗೇ ನಗು.

ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತದೆಯೇ, “ನಿಂತೇ ಹೋಯ್ತು” ಎಂದ.

“ಏನು ನಿಂತಿತು?”

“ಸಮುದ್ರ. ನೆಲದೊಳ್ಗೆ ಕೇಳ್ತೇ ಇಲ್ಲಾ.”

ಅಲೆಗಳು ಕಣ್ಣೆದುರೇ ಬಡಿಯುತ್ತಿದ್ದವು. ಸದ್ದು ನನ್ನ ಕಿವಿಗೆ ಚೆನ್ನಾಗಿಯೇ ಬರುತ್ತಿತ್ತು. ಸುಮ್ಮನಿರಿ ಎಂದು ಗದರಿ, ‘3.42, ಅಜ್ಜ ಮಾತಾಡಿದ’ ಎಂದು ಬರೆದುಕೊಂಡೆ. 3.47ಕ್ಕೆ ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ ಎಂದು ನೋಡಲು ಹೋಗಿಬಂದೆ. ಅದನ್ನೂ ಬರೆದೆ. 3.53ಕ್ಕೆ ಅಜ್ಜ, “ಬಂತು” ಎಂದ. ಅದನ್ನೂ ಬರೆದೆ.

ಎದ್ದು ಹುಟ್ಟನ್ನು ಮರಳಿನಿಂದ ಕಿತ್ತ. “ನಂಗೆ ಈ ಜಾಗ ಬ್ಯಾಡ ಸಾಹೇಬ್ರೆ. ಸಮುದ್ರ ಕೇಳ್ದೇ ಇದ್ದಲ್ಲಿ ನಂಗೆ ನಿದ್ದೆ ಬರೂದಿಲ್ಲಾ. ಬ್ಯಾರೆ ಕೊಡಿ ಅಂದ್ಹೇಳಿ ಒಂದು ಸಾಲು ಬರೀರಿ. ನಾ ಹೇಳಿದ್ರೆ ಯಾರು ಕೇಳ್ತ್ರು?”

ನೋಡೋಣ ಎಂದೆ. ಆಗದು ಎನ್ನಲು ಬಾಯಿ ಬಾರದವರು ಹೇಳುವ ಮಾತು ಅದು.

ಸಂಜೆ ಕಾರವಾರದ ಲಾಡ್ಜಿಗೆ ಮರಳಿ ಲ್ಯಾಪ್‌ಟಾಪ್ ತೆರೆದೆ. 3.42ರಿಂದ 3.53ರವರೆಗೆ ಸಮುದ್ರದ ನಡುಕ ಇರಲಿಲ್ಲ. ಪೆಟ್ಟಿಗೆ ಬರೆದ ಗೆರೆ ಏರಿಳಿಯದೆ ನೆಟ್ಟಗೆ ಹೋಗಿತ್ತು. ಯಂತ್ರ ಕೆಟ್ಟಿದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಆ ಗೆರೆಯ ನಡುವೆ, 3.47ಕ್ಕೆ, ನಾನು ಹೋಗಿಬಂದ ಹೆಜ್ಜೆಗಳು ಒಂದೊಂದಾಗಿ ಮೂಡಿದ್ದವು. ಯಂತ್ರ ಎಚ್ಚರವಾಗಿಯೇ ಇತ್ತು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು.

ಮರುದಿನ ಅದೇ ಜಾಗದಲ್ಲಿ ಮತ್ತೆ ಅಳೆದೆ. ಸಮುದ್ರ ಎಂದಿನಂತೆ ಇತ್ತು, ನೆಲವೂ ಗಟ್ಟಿಯೇ. ಆ ಹನ್ನೊಂದು ನಿಮಿಷವನ್ನು ಲೆಕ್ಕದಿಂದ ತೆಗೆದುಹಾಕಿದೆ. ಹೇಗೂ ಆ ಹೊತ್ತಿನಲ್ಲಿ ಅಜ್ಜ ಮಾತಾಡಿದ್ದ, ನಾನೂ ಓಡಾಡಿದ್ದೆ, ರೂಢಿಯ ಪ್ರಕಾರ ತಪ್ಪೇನಿರಲಿಲ್ಲ. ಏಳನೆಯ ನಿವೇಶನ ಕಟ್ಟಲು ಯೋಗ್ಯ ಎಂದು ಬರೆದೆ. ಅವನು ಕೇಳಿದ ಒಂದು ಸಾಲನ್ನು ಬರೆಯಲಿಲ್ಲ. ಹುಟ್ಟಿಗೆ ಕಿವಿಯಿಟ್ಟವನ ಮಾತು ಕೇಳಿ ವರದಿ ಬರೆದನಂತೆ ಎಂದು ನಾಲ್ಕು ಜನ ನಕ್ಕಾರು ಎಂಬ ಅಳುಕು, ಅಷ್ಟೇ.

ವರದಿ ಚೆನ್ನಾಗಿರುವಾಗ ಬೇರೆ ಜಾಗ ಕೊಡಲಾಗದು ಎಂದು ಕಚೇರಿಯವರು ಹೇಳಿದರಂತೆ. ಅಜ್ಜ ನಿವೇಶನ ಬಿಟ್ಟುಕೊಟ್ಟು ಮಾಜಾಳಿಯಲ್ಲಿದ್ದ ಮಗಳ ಮನೆಗೆ ಹೋದ. ತನ್ನ ದಡಕ್ಕೆ ತಿರುಗಿ ಬರಲೇ ಇಲ್ಲ, ಅಲ್ಲಿಯೇ ತೀರಿಕೊಂಡ ಎಂದು ಆಮೇಲೆ ಕೇಳಿದೆ.

ಮೂರು ವರ್ಷದ ನಂತರ ಆ ದಾರಿಯಲ್ಲಿ ಹೋಗುವಾಗ ಮನಸ್ಸು ತಡೆಯದೆ ಏಳನೆಯ ಮನೆಗೆ ಹೋದೆ. ಬೇರೆ ಕುಟುಂಬವಿತ್ತು. ಕಂಕುಳಲ್ಲಿ ಮಗುವಿದ್ದ ಹೆಂಗಸು ಚಾ ಕೊಟ್ಟಳು. ಗೋಡೆಯಲ್ಲಿ ಒಂದು ಬಿರುಕೂ ಕಾಣಲಿಲ್ಲ. ನನಗೆ ಜೀವ ಬಂದ ಹಾಗಾಯಿತು. ಮನೆ ಹೇಗಿದೆಯಮ್ಮಾ ಎಂದು ಕೇಳಿದೆ.

“ಬಾರೀ ಚೊಲೋ ಅದೆ. ಆಚೆ ಮನೆಯವ್ರಿಗೆಲ್ಲಾ ಚಾಪೆ ಮೇಲೆ ತಲೆಯಿಟ್ರೆ ಸಮುದ್ರ ಗುಡುಗುಡು ಅಂತದಂತೆ. ನಮ್ಮಲ್ಲಿ ಎಂತದೂ ಇಲ್ಲಾ. ಪಾಪು ಸುಖ ನಿದ್ದೆ ಮಾಡ್ತದೆ.”

ಹೊರಗಿನ ಅಲೆಗಳ ಸದ್ದು ನನಗೆ ಕೇಳುತ್ತಿತ್ತು, ಅಂದಿನ ಹಾಗೆಯೇ. ಚಾಪೆ ನನ್ನ ಕಾಲ ಬಳಿಯೇ ಹಾಸಿತ್ತು. ಬಗ್ಗಿ ಕಿವಿಯಿಟ್ಟಿದ್ದರೆ ಆಗುತ್ತಿತ್ತು. ಇಡಲಿಲ್ಲ. ಅಜ್ಜನಿಗೆ ಒಂದು ಸಾಲು ಬರೆದುಕೊಡದವನು ಈಗ ಕೇಳಿಸಿಕೊಂಡು ಯಾರಿಗೆ ಹೇಳಲಿ? ಚಾ ಮುಗಿಸಿ ಎದ್ದು ಬಂದೆ.