ಬರೀ ಚಾ

ರಾಯದುರ್ಗದ ಬೇಸಿಗೆಯಲ್ಲಿ ಚಳಿಯಾಗುತ್ತದೆ ಎಂದರೆ ಯಾರು ನಂಬುತ್ತಾರೆ? ನನ್ನ ಯಜಮಾನರೂ ನಂಬಲಿಲ್ಲ. ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ತಗಡಿನ ಕೆಳಗೆ ದಿನವಿಡೀ ಬೆವರು ಸುರಿಸಿ ಬಂದವರು, ಫ್ಯಾನು ಆರಿಸಿ ಕೌದಿ ಹೊದ್ದು ಕೂತಿದ್ದ ನನ್ನನ್ನು ನೋಡಿ, ಬಸುರಿಯ ಬಯಕೆಯಲ್ಲಿ ಇದೂ ಒಂದಾ ಎಂದು ನಕ್ಕರು. ಆ ಚಳಿಯಲ್ಲೂ ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ಮಾತು ಆಡಿಯೇ ಬಿಡೋಣ ಎಂದು ಬಾಯಿ ತೆರೆದೆ. ಎರಡು ಬಂದವು, ಮೂರನೆಯದು ಬರಲಿಲ್ಲ. ಏನು ಹೇಳಬೇಕೆಂದಿದ್ದೆ ಎಂಬುದೇ ಮರೆತುಹೋಗಿತ್ತು. ಜಗಳದ ನಡುವೆ ಮಾತು ಮರೆಯುವ ಹೆಂಗಸಲ್ಲ ನಾನು. ಮೊದಲ ಸಲ ಹೆದರಿದ್ದು ಆಗಲೇ.

ಮೂರನೆಯ ತಿಂಗಳ ರಕ್ತಪರೀಕ್ಷೆಯಲ್ಲಿ ಅದಕ್ಕೊಂದು ಹೆಸರು ಸಿಕ್ಕಿತು. ನಿನ್ನ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದರು ಡಾಕ್ಟರಮ್ಮ. ಮಾತ್ರೆ ಬದುಕಿರುವ ತನಕ ಇರಬಹುದು ಎಂದಾಗ ನನಗೆ ಸಿಟ್ಟೇ ಬಂತು, ಇಪ್ಪತ್ತಾರಕ್ಕೇ ಮುದುಕಿ ಮಾಡಿಬಿಟ್ಟರಲ್ಲ ಎಂದು. ಆದರೆ ಸಿಟ್ಟು ಇಳಿಯುವಂತೆ ಇನ್ನೊಂದು ಮಾತು ಹೇಳಿದರು. ಹೊಟ್ಟೆಯಲ್ಲಿರುವ ಕೂಸಿಗೆ ಆ ಗ್ರಂಥಿ ಇನ್ನೂ ಕೆಲಸ ಶುರು ಮಾಡಿರುವುದಿಲ್ಲವಂತೆ. ಅಲ್ಲಿಯ ತನಕ ತಾಯಿಯ ಮೈಯಲ್ಲಿ ಇದ್ದದ್ದರಿಂದಲೇ ಅದರ ಮೆದುಳು ಬೆಳೆಯಬೇಕಂತೆ. ಅದಕ್ಕೇ ಒಂದು ದಿನವೂ ತಪ್ಪಿಸಬೇಡ, ಬೆಳಿಗ್ಗೆ ಎದ್ದ ಕೂಡಲೇ ಪರಗಡುಪಿನಲ್ಲಿ ನುಂಗು, ಆಮೇಲೆ ಒಂದು ತಾಸು ಏನೂ ತಿನ್ನಬೇಡ ಎಂದರು. ಪರಗಡುಪು ಎಂದರೆ ತೆಲುಗಿನಲ್ಲಿ ಹಸಿದ ಹೊಟ್ಟೆ. ನಮ್ಮ ಕಡೆ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮಾತ್ರೆಯ ಜವಾಬ್ದಾರಿಯನ್ನು ಅತ್ತೆ ಮೈಮೇಲೆ ಹಾಕಿಕೊಂಡರು. ನಾನು ಕಣ್ಣು ಬಿಡುವಷ್ಟರಲ್ಲಿ ಮಂಚದ ಪಕ್ಕ ಕೂತಿರುತ್ತಿದ್ದರು, ಒಂದು ಅಂಗೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಹೊಗೆಯಾಡುವ ಚಾ. ಮೊದಲ ದಿನ ನಾನು ನೀರು ಕೇಳಿದ್ದೆ.

"ತಣ್ಣೀರು ಯಾಕವ್ವ? ಮೊದ್ಲೇ ಚಳಿ ಚಳಿ ಅಂತೀದಿ. ಬಿಸಿ ಚಾದಾಗ ನುಂಗು" ಎಂದರು.

ನನಗೂ ಅದು ಹಿತವೆನಿಸಿತು. ಚಾ ಎಂದರೆ ನಮ್ಮಲ್ಲಿ ಲೆಕ್ಕಕ್ಕಿಲ್ಲ. ಒಪ್ಪತ್ತು ಇರುವವರೂ ಚಾ ಕುಡಿಯುತ್ತಾರೆ. ಊಟ ಬೇಡ ಎಂದು ಹಟ ಹಿಡಿದ ನೆಂಟರೂ ಬರೀ ಚಾ ಎಂದರೆ ಕೂರುತ್ತಾರೆ. ತಟ್ಟೆಗೆ ಮಂಡಕ್ಕಿಯ ಉಗ್ಗಾಣಿ ಬೀಳುವ ತನಕ ಹೊಟ್ಟೆ ಹಸಿದದ್ದೇ. ಆ ಒಂದು ತಾಸು ಅತ್ತೆ ನನ್ನನ್ನು ಕಾದದ್ದು ಕಾದದ್ದೇ. ಯಜಮಾನರು ಪಾಪ ಎಂದು ಒಂದು ಬಿಸ್ಕೀಟು ಚಾಚಿದ್ದಕ್ಕೆ, ಡಾಕ್ಟರು ಹೇಳಿದ್ದು ಕಿವಿಗೆ ಬಿದ್ದಿಲ್ಲೇನು ಎಂದು ಅವರ ಕೈಗೇ ಒಂದು ಏಟು ಹಾಕಿದ್ದರು.

ಮುಂದಿನ ರಕ್ತಪರೀಕ್ಷೆಯಲ್ಲಿ ರೋಗ ಹೆಚ್ಚಾಗಿತ್ತು. ಡಾಕ್ಟರಮ್ಮ ಮಾತ್ರೆ ಜೋರು ಮಾಡಿದರು. ಅದರ ಮುಂದಿನ ಸಲ ಇನ್ನೂ ಹೆಚ್ಚಾಗಿತ್ತು. ದಿನಾ ತಗೋತೀಯಾ ಎಂದು ಕೇಳಿದರು, ದೇವರಾಣೆ ಎಂದೆ. ಯಾವುದರ ಜೊತೆ ಎಂದು ಅವರು ಕೇಳಲಿಲ್ಲ, ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ. ಮುಖ ಊದಿಕೊಂಡಿತು. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಓಣಿಯ ಹೆಂಗಸರು ಇದು ಗಂಡುಮಗುವಿನ ಲಕ್ಷಣ ಎಂದು ಖುಷಿಪಟ್ಟರು. ಒಂದು ದಿನ ಅವ್ವನಿಗೆ ಫೋನು ಮಾಡಿದರೆ, ಯಾರು ಮಾತಾಡ್ತಿರೋದು ಎಂದು ಕೇಳಿದಳು. ನನ್ನ ದನಿ ಅಷ್ಟು ದಪ್ಪವಾಗಿತ್ತು. ನಾನೇ ಕಣವ್ವ ಎಂದು ಎರಡು ಸಲ ಹೇಳಬೇಕಾಯಿತು.

ಏಳನೆಯ ತಿಂಗಳಲ್ಲಿ ಕುಬುಸದ ಶಾಸ್ತ್ರ ಮಾಡಿ ನನ್ನನ್ನು ತವರಿಗೆ ಕಳಿಸಿದರು. ನಮ್ಮೂರು ಮಡಕಶಿರಾದ ಹತ್ತಿರ. ಅವ್ವ ಹಿಪ್ಪುನೇರಳೆ ಸೊಪ್ಪಿನ ಕೆಲಸ ಬಿಟ್ಟು ನನ್ನನ್ನು ಅಲ್ಲಿಯ ಡಾಕ್ಟರರ ಹತ್ತಿರ ಕರೆದೊಯ್ದಳು. ಅವರು ಹಳೆಯ ರಿಪೋರ್ಟುಗಳನ್ನೆಲ್ಲ ನೋಡಿ, ಮಾತ್ರೆ ಹೇಗೆ ನುಂಗುತ್ತೀಯ ಎಂದರು. ಹಸಿದ ಹೊಟ್ಟೆಯಲ್ಲೇ, ಬಿಸಿ ಚಾ ಜೊತೆ, ನಮ್ಮತ್ತೆ ಕೈಯಾರೆ ಕೊಡುತ್ತಾರೆ ಎಂದು ಹೆಮ್ಮೆಯಿಂದಲೇ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಾ ಜೊತೆ ಹೋದರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನೀರಿನಲ್ಲಿ ನುಂಗು, ಒಂದು ತಾಸು ಬಿಟ್ಟು ಚಾ ಕುಡಿ ಎಂದರು. ಹಾಗಾದರೆ ಕಳೆದುಹೋದ ತಿಂಗಳುಗಳು ಎಂದು ಕೇಳಿದೆ. ಇನ್ನು ಮೇಲೆ ಸರಿಯಾಗಿ ತಗೋ, ಹುಟ್ಟಿದ ಮೇಲೆ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ನೋಡೋಣ ಎಂದರು. ಅದು ನಾನು ಕೇಳಿದ್ದಕ್ಕೆ ಉತ್ತರವಲ್ಲ. ಅವ್ವ ಗಮನಿಸಲಿಲ್ಲ, ನಾನು ಗಮನಿಸಿದೆ.

ನೀರಿನಲ್ಲಿ ನುಂಗತೊಡಗಿದ ಮೇಲೆ ವಾರ ಕಳೆದಂತೆಲ್ಲ ನಾನು ನಾನಾಗತೊಡಗಿದೆ. ಕೌದಿ ಬೇಡವಾಯಿತು. ಸಾರಿಗೆ ಉಪ್ಪು ಕಡಿಮೆ ಎಂದು ಅವ್ವನ ಜೊತೆ ಮೊದಲಿನ ಹಾಗೆ ಕೊನೆಯ ತನಕ ಜಗಳ ಆಡಿದೆ, ಒಂದು ಮಾತೂ ಮರೆಯದೆ. ಅವ್ವ ದೇವರಿಗೆ ಕೈ ಮುಗಿದಳು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ನನಗೇ ಇಷ್ಟು ಕಡಿಮೆ ಬಿದ್ದಿತ್ತು ಎಂದರೆ ಒಳಗಿದ್ದುದಕ್ಕೆ ಎಷ್ಟು ಕಡಿಮೆ ಬಿದ್ದಿರಬೇಕು? ಮೈಗೆ ಹುಷಾರು ಬಂದಷ್ಟೂ ನನ್ನ ಭಯ ಬೆಳೆಯಿತು.

ಅತ್ತೆಗೆ ಫೋನಿನಲ್ಲಿ ನಾನೇ ಹೇಳಿದೆ. ಆದಷ್ಟು ಮೆತ್ತಗೆ ಹೇಳಿದೆ. "ನನ್ನ ಕೈಯಾಗೇ ಕೊಟ್ನಲ್ಲವ್ವ" ಎಂದರು.

ಹೆಣ್ಣು ಹುಟ್ಟಿತು. ತುಂಬು ಕೂದಲು, ಊದಿದ ಕೆನ್ನೆ. ಹಿಮ್ಮಡಿ ಚುಚ್ಚಿ ರಕ್ತ ತೆಗೆದುಕೊಂಡರು, ರಿಪೋರ್ಟು ಬರಲು ಕೆಲವು ದಿನ ಬೇಕು ಎಂದು ಹೇಳಿ ಮನೆಗೆ ಕಳಿಸಿದರು. ಅತ್ತೆಯೂ ಬಸ್ಸು ಹತ್ತಿ ಬಂದರು. ಊರ ಹೆಂಗಸರೆಲ್ಲ ಕೂಸು ನೋಡಲು ಬಂದವರು ಹೊಗಳಿದ್ದೇ ಹೊಗಳಿದ್ದು.

"ಎಂಥ ಒಳ್ಳೆ ಕೂಸವ್ವ, ಅಳೋದೇ ಇಲ್ವಲ್ಲ. ಪುಣ್ಯ ಮಾಡಿದ್ದೆ ಕಣೆ ನೀನು" ಎಂದಳು ಪಕ್ಕದ ಮನೆಯಾಕೆ.

ಹಾಲು ಕುಡಿಸಲು ಎಬ್ಬಿಸಬೇಕು, ಕುಡಿಯುತ್ತಲೇ ಮತ್ತೆ ನಿದ್ದೆ, ತನ್ನ ಪಾಡಿಗೆ ತಾನು ಇರುತ್ತದೆ ಎಂದು ಅವ್ವ ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದಳು. ಅತ್ತೆ ಒಂದು ಸಲವೂ ಹೊಗಳಲಿಲ್ಲ. ಗುಮ್ಮಘಟ್ಟದ ಕಡೆಯ ಕುರಿಹಟ್ಟಿಯಲ್ಲಿ ಬೆಳೆದವರು ಅವರು. ಅರಚದೆ ಸುಮ್ಮನೆ ಮಲಗಿರುವ ಮರಿಯನ್ನು ಅಲ್ಲಿ ಯಾರೂ ಹೊಗಳುವುದಿಲ್ಲ.

ಒಂದು ಮಧ್ಯಾಹ್ನ ಬಂದವರೆಲ್ಲ ಹೋಗಿದ್ದರು. ಅವ್ವ ಹೊರಗೆ ಸೊಪ್ಪು ಇಳಿಸಿಕೊಳ್ಳುತ್ತಿದ್ದಳು. ನಾನು ಮಲಗಿದ್ದೇನೆ ಎಂದುಕೊಂಡು ಅತ್ತೆ ಕೂಸಿನ ಪಕ್ಕ ಬಂದು ಕೂತರು. ಬಟ್ಟೆ ಸರಿಸಿ ಒಂದು ಪಾದ ಹಿಡಿದು, ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ಹೊಡೆದರು. ಆಮೇಲೆ ಸ್ವಲ್ಪ ಜೋರಾಗಿ. ಆಮೇಲೆ ಇನ್ನೂ ಜೋರಾಗಿ.

"ಅಳು ನನ್ನವ್ವ, ಒಂದು ಸಲ ಅಳು."

ಕೂಸು ಕಣ್ಣು ತೆರೆದು ಅವರನ್ನು ನೋಡಿತು. ನೋಡಿ, ಮತ್ತೆ ಮುಚ್ಚಿಕೊಂಡಿತು. ಅತ್ತೆ ತಲೆಯೆತ್ತಿದಾಗ ನಾನು ಎದ್ದು ಕೂತಿದ್ದೆ. ನಾನು ಇನ್ನೊಂದು ಪಾದವನ್ನು ಕೈಗೆ ತೆಗೆದುಕೊಂಡೆ.