ಅವರ ಗುಳಿಗೆ ನಿಲ್ಲಿಸಿದವಳು ನಾನು

ಡಾಕ್ಟರಮ್ಮಾ, ನಿಮ್ಮ ಔಷಧ ಸೋತಿರಲಿಲ್ಲ. ನನ್ನ ಗಂಡನಿಗೆ ನೀವು ಬರೆದುಕೊಟ್ಟ ಗುಳಿಗೆಗಳನ್ನು ನಾನೇ ನಿಲ್ಲಿಸಿದೆ. ನೀವು ಕೇಳಿದಾಗ ಸುಳ್ಳು ಹೇಳಿದೆ. ಇಷ್ಟು ಮಾತು ಬಾಯಿಗೆ ಬರಲು ಅರ್ಧ ಆಯುಷ್ಯ ಹಿಡಿಯಿತು.

ನಿಮಗೆ ನೆನಪಿದೆಯೋ ಇಲ್ಲವೋ — ಚಿತ್ತವಾಡ್ಗಿಯಿಂದ ಅವರನ್ನು ಆಟೋದಲ್ಲಿ ಹಾಕಿಕೊಂಡು ನಿಮ್ಮ ದವಾಖಾನೆಗೆ ತಂದಿದ್ದೆವು. ಸಂಡೂರಿನ ಗಣಿಯಲ್ಲಿ ಕಲ್ಲು ಕೊರೆಯುವ ಕೆಲಸ ಅವರದು. ಜ್ವರ ಎದೆಗಿಳಿದು, ಉಸಿರು ಸಿಗದೆ ತುಟಿ ನೀಲಿಗಟ್ಟಿತ್ತು. ಅವರ ಅಣ್ಣ, ನನ್ನ ಭಾವ, ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ಯೋಣವೆಂದರೆ, ದಾರಿಯಲ್ಲೇ ಕೈಮೀರುತ್ತದೆ ಎಂದು ನೀವು ತಡೆದಿರಿ. ಆಕ್ಸಿಜನ್ ಹಚ್ಚಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತಿರಿ. ಅಷ್ಟು ದೊಡ್ಡ ಡಾಕ್ಟರಾದರೂ, ನನ್ನ ಗಂಡ ಕೆಮ್ಮಿ ಉಗುಳಿದ ಬಟ್ಟಲನ್ನು ನೀವೇ ಎತ್ತಿ ನೋಡಿದಿರಿ. ಅವತ್ತೇ ನಿಮ್ಮನ್ನು ಮನಸಾರೆ ಮೆಚ್ಚಿದೆ. ಮೆಚ್ಚಿಯೂ ಮೋಸ ಮಾಡಿದೆನಲ್ಲ — ಅದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಿರಿ. "ಸುಟ್ಟ ಗಾಯ ಮಾಯ್ದ ಮ್ಯಾಲೆ ಚರ್ಮ ಬಿಗಿತೈತಲ್ಲವ್ವಾ, ಶ್ವಾಸಕೋಶದಾಗೂ ಹಂಗ ಆಗಾಕ ಹತ್ತೈತಿ. ಈ ಸ್ಟೆರಾಯ್ಡ್ ಗುಳಿಗಿ ಅದನ್ನ ತಡೀಬಹುದು. ನೀವಾಗೇ ನಿಲ್ಲಿಸಬ್ಯಾಡ್ರಿ. ನಾನ ಸ್ವಲ್ಪ ಸ್ವಲ್ಪ ಕಡಿಮಿ ಮಾಡ್ಕೊಂತ ಬರ್ತೀನಿ." ಯಾರ ಶ್ವಾಸಕೋಶ ಗಟ್ಟಿಯಾಗುತ್ತದೆ, ಯಾರದು ಸುಧಾರಿಸುತ್ತದೆ ಎಂದು ಮೊದಲೇ ತೋರಿಸುವ ಗುರುತು ರಕ್ತದಲ್ಲಿ ಎಲ್ಲೋ ಇರಬೇಕು, ನಮಗಿನ್ನೂ ಸಿಕ್ಕಿಲ್ಲ ಎಂದೂ ಹೇಳಿದಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು.

ಅವರು ನಡೆದುಕೊಂಡೇ ಮನೆಗೆ ಬಂದರು. ಹಸಿವೋ ಹಸಿವು. ನನ್ನ ತವರು ಕಂಪ್ಲಿ. ಕಾಲುವೆ ನೀರಿನ ಕಬ್ಬು, ಮನೆ ತುಂಬ ಬೆಲ್ಲ. ಪಾಳಿ ಮುಗಿದ ಮೇಲೆ ಬೆಲ್ಲ ತಿಂದರೆ ಎದೆಯೊಳಗಿನ ಧೂಳು ಇಳಿದುಹೋಗುತ್ತದೆ ಎಂದು ಗಣಿಯವರು ನಂಬುತ್ತಾರೆ, ನಾನೂ ನಂಬಿದ್ದೆ. ಅಪ್ಪ ಕಳಿಸಿದ ಬೆಲ್ಲದಲ್ಲಿ ಹುಗ್ಗಿ, ಮಾದಲಿ ಮಾಡಿ ಮಾಡಿ ಬಡಿಸಿದೆ. ಕೆನ್ನೆ ತುಂಬಿಕೊಂಡು ಅವರ ಮುಖ ದುಂಡಗಾಯಿತು. "ಎಂಥಾ ಕೈಗುಣ ನಿಂದು, ಗಂಡನ್ನ ಹೆಂಗ ಮಾಡೀದಿ ನೋಡು" ಎಂದು ಓಣಿಯ ಹೆಂಗಸರು ಹೊಗಳಿದರು. ಹಿಗ್ಗಿಹೋದೆ. ಮುಖ ಹಾಗೆ ತುಂಬಿಕೊಳ್ಳುವುದು ಆ ಗುಳಿಗೆಯ ಗುಣ, ನನ್ನ ಅಡುಗೆಯದಲ್ಲ ಎಂದು ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ.

ಇಷ್ಟು ಗುಣವಾದವರಿಗೆ ಇನ್ನೇಕೆ ಆ ಉಷ್ಣದ ಗುಳಿಗೆ? — ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ತಲೆ. ದಿನಾ ಅವರ ಕೈಗೆ ಕೊಡುತ್ತಿದ್ದವಳು ಒಂದು ಬೆಳಿಗ್ಗೆ ಕೊಡುವುದನ್ನು ಬಿಟ್ಟೆ. ಕೇಳಿದರೆ, "ಡಾಕ್ಟರಮ್ಮ ಹೇಳಿದ್ದು ಮುಗದಾವ" ಅಂದೆ. ಪಾಪ, ನಂಬಿದರು.

ಮತ್ತೆ ಉಸಿರು ಕಟ್ಟಿದಾಗ ನಿಮ್ಮ ಬಳಿಯೇ ತಂದೆವು. ಹೊಸ ಎಕ್ಸರೇಯನ್ನು ಬಹಳ ಹೊತ್ತು ನೋಡಿದಿರಿ. "ಗುಳಿಗಿ ಒಂದೂ ತಪ್ಪಿಸಿಲ್ಲ ಹೌದಲ್ಲ?" ಅತ್ತೆ, ಭಾವ ಅಲ್ಲೇ ನಿಂತಿದ್ದರು. "ಇಲ್ರಿ, ದಿನಾ ನನ್ನ ಕೈಯಾರೆ ಕೊಟ್ಟೀನಿ."

ನೀವು ಮತ್ತೆ ಕೇಳಲಿಲ್ಲ. ಯಾಕೆ ಕೇಳುತ್ತೀರಿ — ನಿಮಗೆ ಗುರುತು ಅಂತ ಇದ್ದದ್ದು ನನ್ನ ಬಾಯಿಮಾತು ಒಂದೇ. ಗುಳಿಗೆ ನಾಟಲಿಲ್ಲವೆಂದು ಅದನ್ನು ಕೈಬಿಟ್ಟು, ತಿಳಿದದ್ದನ್ನೆಲ್ಲ ಮಾಡಿದಿರಿ. ಬಳ್ಳಾರಿಯವರೆಗೆ ನಮ್ಮ ಜೊತೆ ಗಾಡಿಯಲ್ಲಿ ಬಂದಿರಿ. ಅವರು ಉಳಿಯಲಿಲ್ಲ. ಅದೇ ಗುಳಿಗೆ ಮತ್ತೆ ಕೊಟ್ಟಿದ್ದರೆ ಉಳಿಯುತ್ತಿದ್ದರೋ ಏನೋ — ಕೊಟ್ಟು ನೋಡಲು ನಾನು ನಿಮ್ಮನ್ನು ಬಿಡಲಿಲ್ಲ.

"ಈಕೀ ಗುಳಿಗಿನ ನನ್ನ ತಮ್ಮನ್ನ ತಿಂತು" ಎಂದು ಭಾವ ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರೆದುರು ನಿಮ್ಮತ್ತ ಬೆರಳು ಮಾಡಿ ಅಂದರು. ನೀವು ನನ್ನ ಹತ್ತಿರ ಬಂದು ಕೂತು, "ನನ್ನ ಔಷಧ ಸೋತಿತವ್ವಾ. ನೀ ಮಾಡಾದೆಲ್ಲಾ ಮಾಡೀದಿ" ಅಂದಿರಿ. ಆಗಲಾದರೂ ನಾನು... ಇಲ್ಲ. ಗಂಡನನ್ನು ಕೊಂದವಳು ಅಂದಾರು ಎಂದು ಹೆದರಿ, ಆ ಅಪವಾದವನ್ನು ನಿಮ್ಮ ಮೇಲೆಯೇ ಬಿಟ್ಟೆ.

ಆ ದವಾಖಾನೆಗೆ ಹೋಗಬೇಡಿ ಎಂದು ನಮ್ಮ ಮನೆಯವರು ಓಣಿಯಲ್ಲೆಲ್ಲ ಸಾರಿಕೊಂಡು ಬಂದರು. ಆ ಮಾತು ಕೇಳಿ ಹೋಗುವುದನ್ನೇ ಬಿಟ್ಟವರಿದ್ದಾರೆ. ಅವರಿಗೆ ಏನಾಯಿತೆಂದು ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ. ನೀವು ಮಾತ್ರ ಯಾರ ಮೇಲೂ ಮುನಿಯದೆ, ಗಣಿಯಿಂದ ಕೆಮ್ಮುತ್ತ ಬಂದವರ ಬೆನ್ನಿಗೆ ಸ್ಟೆತಾಸ್ಕೋಪು ಇಡುತ್ತಲೇ ಇದ್ದಿರಿ. ಬಸ್ಸಿನಲ್ಲಿ ಹೋಗುವಾಗ ನಿಮ್ಮ ಬಾಗಿಲ ಮುಂದೆ ಕೂತ ಜನರನ್ನು ಕಂಡು ಹೆಮ್ಮೆಪಡುತ್ತಿದ್ದೆ. ಇಳಿದು ಒಳಗೆ ಬರಲಿಲ್ಲ.

ಈಗಲೂ ವರ್ಷಕ್ಕೊಮ್ಮೆ ನನ್ನ ಗಂಡನಿಗೆ ಎಡೆಯಿಟ್ಟು ಎಲ್ಲರೂ ಊಟಕ್ಕೆ ಕೂತಾಗ, ಭಾವ ನಿಮ್ಮನ್ನು ಬೈಯುತ್ತಾರೆ. ನನ್ನ ಮಕ್ಕಳು ಹೌದೆಂದು ತಲೆಯಾಡಿಸುತ್ತಾರೆ. ಈ ಸಲ ಬಡಿಸುವ ಮೊದಲೇ ಹೇಳುತ್ತೇನೆ — ಡಾಕ್ಟರಮ್ಮನಲ್ಲ, ನಾನು ಎಂದು. ಆಮೇಲೆ ನನ್ನ ಕೈಯ ಅನ್ನ ಬೇಡವೆಂದು ಮಕ್ಕಳು ಎಲೆ ಬಿಟ್ಟು ಎದ್ದರೆ, ಏಳಲಿ.